ಅಮ್ಮನಿಗೆ ಮುಂದಿನ ಗುರುವಾರ ಕಿಮೋ: ಸಕ್ಕರೆ, ಬಿಪಿ, ಥೈರಾಯ್ಡ್ ಮಾತ್ರೆಗಳನ್ನು ಯಾರು ನೋಡಬೇಕು?

ಹಾಸನದ ಮಗಳು:

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ 61 ವರ್ಷ, ತೂಕ 64 ಕೆ.ಜಿ. ಎಡ ಸ್ತನದಲ್ಲಿ 3 ಸೆಂ.ಮೀ. ಕ್ಯಾನ್ಸರ್ ಗಡ್ಡೆ, ಕಂಕುಳಲ್ಲೂ ಒಂದು ಗಂಟು. ಇಆರ್ (ಹಾರ್ಮೋನ್ ಗ್ರಾಹಿ) ಪಾಸಿಟಿವ್, ಹರ್2 (ಗಡ್ಡೆ ಬೆಳೆಸುವ ಒಂದು ಪ್ರೋಟೀನ್) ಪಾಸಿಟಿವ್. ಮೊದಲು ಕಿಮೋ, ಆಮೇಲೆ ಆಪರೇಷನ್ ಅಂದಿದ್ದಾರೆ. ಡೋಸಿಟ್ಯಾಕ್ಸೆಲ್, ಕಾರ್ಬೋಪ್ಲಾಟಿನ್, ಟ್ರಾಸ್ಟುಜುಮಾಬ್, 21 ದಿನಕ್ಕೊಮ್ಮೆಯಂತೆ 6 ಸಲ. ಟ್ರಾಸ್ಟುಜುಮಾಬ್ ಮಾತ್ರ ಒಟ್ಟು ಒಂದು ವರ್ಷ. ಕೊನೆಗೆ ರೇಡಿಯೇಷನ್, ಹಾರ್ಮೋನ್ ಮಾತ್ರೆ.

ಈಗ ನುಂಗುತ್ತಿರುವುದು: ಸಕ್ಕರೆಗೆ ಮೆಟ್‌ಫಾರ್ಮಿನ್ 1000 ಎರಡು ಹೊತ್ತು, ಗ್ಲಿಮೆಪಿರೈಡ್ 2 ಮಿ.ಗ್ರಾಂ., ಡಾಪಾಗ್ಲಿಫ್ಲೋಜಿನ್ 10, ಬಿಪಿಗೆ ಟೆಲ್ಮಿಸಾರ್ಟನ್ 40 ಮತ್ತು ಹೈಡ್ರೋಕ್ಲೋರೋಥಯಜೈಡ್ 12.5 ಸೇರಿದ ಒಂದೇ ಮಾತ್ರೆ, ಥೈರಾಕ್ಸಿನ್ 75 ಮೈಕ್ರೋಗ್ರಾಂ, ಆಸ್ಪಿರಿನ್ 75, ಗಾಬರಿಗೆ ಅಂತ ನಾಲ್ಕು ವರ್ಷದಿಂದ ಪ್ಯಾರಾಕ್ಸೆಟೀನ್ 12.5, ರಾತ್ರಿ ಕ್ಯಾಲ್ಸಿಯಂ. ಪಕ್ಕದ ಮನೆಯವರು ಹೇಳಿದರೆಂದು ಒಂದು ತಿಂಗಳಿಂದ ಅಮೃತಬಳ್ಳಿ ರಸ. ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ) 8.1, ಕ್ರಿಯಾಟಿನಿನ್ (ಕಿಡ್ನಿ ಟೆಸ್ಟ್) 0.9, ಎಕೋದಲ್ಲಿ (ಹೃದಯದ ಸ್ಕ್ಯಾನ್) ಇಎಫ್, ಅಂದರೆ ಹೃದಯ ರಕ್ತ ತಳ್ಳುವ ಶಕ್ತಿ, 58. ಸ್ಟೆಂಟ್ ಹಾಕಿಲ್ಲ, ಹಾರ್ಟ್ ಅಟ್ಯಾಕ್ ಆಗಿಲ್ಲ.

ಕಿಮೋ ಬೆಂಗಳೂರಿನಲ್ಲಿ, ಸಕ್ಕರೆ ಡಾಕ್ಟರು ಊರಲ್ಲಿ. ಕಿಮೋ ಡಾಕ್ಟರು "ಸಕ್ಕರೆ ವಿಷಯ ನಿಮ್ಮ ಡಾಕ್ಟರನ್ನೇ ಕೇಳಿ" ಅಂತಾರೆ, ಊರಿನವರು "ಕಿಮೋ ಮುಗಿಯೋವರೆಗೆ ಅವರು ಹೇಳಿದಂತೆ ಮಾಡಿ" ಅಂತಾರೆ. ಯಾವ ಮಾತ್ರೆ ಯಾವ ದಿನ ನಿಲ್ಲಿಸಬೇಕು, ಯಾರು ಹೇಳಬೇಕು?

ಸಿಹಿ ಕಹಿ:

ಗುರುವಾರ ಕಿಮೋ ಅಂದರೆ ಸಕ್ಕರೆಯ ಕೆಲಸ ಬುಧವಾರ ಬೆಳಿಗ್ಗೆಯೇ ಶುರು. ಡೋಸಿಟ್ಯಾಕ್ಸೆಲ್‌ಗೆ ಅಲರ್ಜಿ ಆಗದಿರಲಿ, ಮೈಯಲ್ಲಿ ನೀರು ನಿಲ್ಲದಿರಲಿ ಅಂತ ಡೆಕ್ಸಾಮೆಥಾಸೋನ್ 8 ಮಿ.ಗ್ರಾಂ. ದಿನಕ್ಕೆರಡು ಸಲ, ಹಿಂದಿನ ದಿನದಿಂದ ಮೂರು ದಿನ ಕೊಡುವುದು ರೂಢಿ. ದಿನಕ್ಕೆ 16 ಮಿ.ಗ್ರಾಂ. ಆಯಿತು. ಮೊದಲೇ 8.1 ಇರುವವರಿಗೆ ಇಷ್ಟು ಸ್ಟೀರಾಯ್ಡ್ ಬಿದ್ದರೆ ಮೀಟರ್ 300 ತೋರಿಸಿದರೂ ಆಶ್ಚರ್ಯವಿಲ್ಲ.

ಜನ ಎಡವುವುದು ಬೆಳಗಿನ ಖಾಲಿ ಹೊಟ್ಟೆಯ ಸಕ್ಕರೆಯನ್ನಷ್ಟೇ ನೋಡಿ. ಸ್ಟೀರಾಯ್ಡ್ ಹೆಚ್ಚು ಏರಿಸುವುದು ಮಧ್ಯಾಹ್ನದ ಊಟದ ನಂತರದ್ದನ್ನು, ಸಂಜೆಯದ್ದನ್ನು. ಬೆಳಿಗ್ಗೆ 140 ಇದ್ದು ಸಂಜೆ ಐದಕ್ಕೆ 340 ಇರಬಹುದು. ಬುಧವಾರದಿಂದ ಭಾನುವಾರದವರೆಗೆ ದಿನಕ್ಕೆ ನಾಲ್ಕು ಸಲ ನೋಡಿ: ಬೆಳಿಗ್ಗೆ, ಮಧ್ಯಾಹ್ನ ಉಂಡು ಎರಡು ಗಂಟೆ ಕಳೆದ ಮೇಲೆ, ರಾತ್ರಿ ಊಟಕ್ಕೆ ಮುಂಚೆ, ಮಲಗುವಾಗ. ಸತತ ಎರಡು ಸಲ 250 ದಾಟಿದರೆ ಡಾಕ್ಟರಿಗೆ ಫೋನ್. 300 ದಾಟಿ ಜೊತೆಗೆ ವಾಂತಿ, ಮಂಪರು, ವಿಪರೀತ ಬಾಯಾರಿಕೆ ಇದ್ದರೆ ಫೋನ್ ಅಲ್ಲ, ಆಸ್ಪತ್ರೆ.

ಈ ಮೂರು ನಾಲ್ಕು ದಿನಕ್ಕೆ ಮಾತ್ರ ಬೆಳಗಿನ ಹೊತ್ತು ಎನ್‌ಪಿಎಚ್ ಇನ್ಸುಲಿನ್ ಸೇರಿಸುವುದು ಸಾಮಾನ್ಯ. ಡೋಸ್ ನಿಮ್ಮ ಡಾಕ್ಟರೇ ಬರೆಯಬೇಕು. ಬರೆಯುವಾಗ ಯಾವ ದಿನ ಶುರು, ಯಾವ ದಿನ ಇಳಿಕೆ, ಯಾವ ದಿನ ಬಂದ್ ಅನ್ನುವ ಮೂರನ್ನೂ ಬರೆಸಿ. ಶುರು ಮಾಡುವುದನ್ನು ಎಲ್ಲರೂ ಬರೆಯುತ್ತಾರೆ, ಬಂದ್ ಮಾಡುವ ದಿನ ಚೀಟಿಯಲ್ಲಿ ಇರುವುದಿಲ್ಲ. ಡೆಕ್ಸಾ ನಿಂತ ಮೇಲೂ ಅದರ ಪ್ರಭಾವ ಒಂದೆರಡು ದಿನ ಇದ್ದು ಇಳಿಯುತ್ತದೆ. ಅದೇ ಹೊತ್ತಿಗೆ ಬಾಯಿ ರುಚಿ ಕೆಟ್ಟು ಅಮ್ಮ ಎರಡು ತುತ್ತು ಉಣ್ಣುವುದೂ ಕಷ್ಟವಾಗಿರುತ್ತದೆ. ಇನ್ಸುಲಿನ್ ಹಾಗೇ ಮುಂದುವರಿದರೆ, ಅಥವಾ ಗ್ಲಿಮೆಪಿರೈಡ್ ಎಂದಿನಂತೆ ನುಂಗಿದರೆ, ಭಾನುವಾರ ಸೋಮವಾರದ ಹೊತ್ತಿಗೆ ಲೋ ಶುಗರ್ ಖಚಿತ ಅಂದುಕೊಳ್ಳಿ. ಉಣ್ಣದ ದಿನ ಗ್ಲಿಮೆಪಿರೈಡ್ ಬೇಡ ಅನ್ನುವ ಮಾತನ್ನು ಈಗಲೇ ಡಾಕ್ಟರ ಕೈಯಲ್ಲಿ ಬರೆಸಿಟ್ಟುಕೊಳ್ಳಿ. 70ಕ್ಕಿಂತ ಕೆಳಗಿಳಿದರೆ ಗ್ಲೂಕೋಸ್ ಪುಡಿ ಮೂರು ಟೀ ಚಮಚ, ಸುಮಾರು 15 ಗ್ರಾಂ, ನೀರಿಗೆ ಹಾಕಿ ಕುಡಿಸಿ. 15 ನಿಮಿಷಕ್ಕೆ ಮತ್ತೆ ನೋಡಿ.

ಡಾಪಾಗ್ಲಿಫ್ಲೋಜಿನ್ ಬಗ್ಗೆ ನನ್ನ ಅಭಿಪ್ರಾಯ ನೇರ: ಕಿಮೋ ನಡೆಯುವಷ್ಟು ಕಾಲ ಅದು ಬೇಡವೇ ಬೇಡ ಅಂತ ಡಾಕ್ಟರ ಬಳಿ ಕೇಳಿ. ಅದು ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುವ ಮಾತ್ರೆ. ವಾಂತಿ ಭೇದಿ ಆದಾಗ ಮೈಯ ನೀರನ್ನು ಇನ್ನಷ್ಟು ಇಳಿಸುತ್ತದೆ, ಬಿಳಿ ರಕ್ತಕಣ ಕಡಿಮೆ ಇರುವಾಗ ಮೂತ್ರದ ಜಾಗದ ಫಂಗಸ್ ಸೋಂಕಿಗೆ ದಾರಿ ಮಾಡುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು, ಊಟ ಬಿಟ್ಟಾಗ ಮೀಟರ್‌ನಲ್ಲಿ ಬರೀ 180 ಇದ್ದೂ ರಕ್ತ ಆಮ್ಲವಾಗುವ ಕೀಟೋ ಅಸಿಡೋಸಿಸ್. ಮೀಟರ್ ನೋಡಿ ಯಾರಿಗೂ ಅನುಮಾನ ಬರುವುದಿಲ್ಲ. ಈಗ ಮುಂದುವರಿಸಿದರೂ ಆಪರೇಷನ್‌ಗೆ ಕನಿಷ್ಠ 3 ದಿನ ಮೊದಲು ನಿಲ್ಲಲೇಬೇಕು.

ಮೆಟ್‌ಫಾರ್ಮಿನ್ ವಾಂತಿ ಭೇದಿಯ ದಿನ ಬೇಡ, ನೀರು ಕುಡಿದು ಊಟ ಸರಿಯಾದ ಮೇಲೆ ಮತ್ತೆ ಶುರು. ಇನ್ನೊಂದು: ಕಿಮೋ ಮಧ್ಯೆ ಎಚ್‌ಬಿಎ1ಸಿ ನಂಬಬೇಡಿ. ಕಾರ್ಬೋಪ್ಲಾಟಿನ್ ರಕ್ತ ಇಳಿಸುತ್ತದೆ, ರಕ್ತ ಹಾಕಿಸಿದರಂತೂ ಆ ಅಂಕಿ ಲೆಕ್ಕಕ್ಕಿಲ್ಲ. ಮೀಟರ್ ಪುಸ್ತಕ ತೋರಿಸಿ. 8.1 ಇದೆ, ಮೊದಲು ಸಕ್ಕರೆ ಹದಕ್ಕೆ ಬರಲಿ ಅಂತ ಯಾರಾದರೂ ಕಿಮೋ ತಿಂಗಳುಗಟ್ಟಲೆ ಮುಂದೂಡಲು ಹೇಳಿದರೆ ಒಪ್ಪಬೇಡಿ.

ಊಟದ ಒಂದು ಮಾತು. ರಾಗಿ ಒಳ್ಳೆಯದು ಅಂತ ತೆಳ್ಳಗಿನ ಗಂಜಿ ಮಾಡಿ ಲೋಟಗಟ್ಟಲೆ ಕೊಡುತ್ತಾರೆ. ಗಂಜಿಯಾದ ರಾಗಿ ಸಕ್ಕರೆಯನ್ನು ಬೇಗನೆ ಏರಿಸುತ್ತದೆ. ಡೆಕ್ಸಾ ಇರುವ ಮೂರು ದಿನ ಬೇಡ. ಆಮೇಲೆ, ಏನೂ ಇಳಿಯದ ದಿನಗಳಲ್ಲಿ, ಅದೇ ಗಂಜಿ ದೇವರ ಹಾಗೆ.

ಚೀಟಿ ಓದುವವ:

ಮೇಡಂ, ಪಟ್ಟಿ ಪೂರ್ತಿ ಕೊಟ್ಟಿದ್ದು ಬಹಳ ಉಪಕಾರವಾಯಿತು. ಫಾರ್ಮಸಿ ಕಡೆಯಿಂದ ನೋಡಿದರೆ ಮೊದಲು ಕಣ್ಣಿಗೆ ಹೊಡೆಯುವುದು ಬಿಪಿ ಮಾತ್ರೆ. ಅದರೊಳಗೆ ಎರಡು ಔಷಧಿ ಇದೆ. ಭೇದಿ ಶುರುವಾದ ದಿನ ನೀರಿಳಿಸುವ ಹೈಡ್ರೋಕ್ಲೋರೋಥಯಜೈಡ್ ಮಾತ್ರ ನಿಲ್ಲಿಸೋಣ ಅಂದರೆ ಒಂದೇ ಮಾತ್ರೆಯಲ್ಲಿ ಅದು ಸಾಧ್ಯವಿಲ್ಲ. ಟೆಲ್ಮಿಸಾರ್ಟನ್ ಬೇರೆ, ನೀರಿನ ಮಾತ್ರೆ ಬೇರೆ ಬರೆದುಕೊಡಿ ಅಂತ ಈ ವಾರವೇ ಕೇಳಿ. ಮೇಲಿನ ಬಿಪಿ ಎಷ್ಟಕ್ಕಿಂತ ಇಳಿದರೆ ಟೆಲ್ಮಿಸಾರ್ಟನ್ ಕೂಡ ಬೇಡ ಅನ್ನುವ ಅಂಕಿಯನ್ನೂ ಬರೆಸಿ.

ಇದರ ಹಿಂದೆ ಕಿಡ್ನಿಯ ಲೆಕ್ಕ ಇದೆ. ಕಾರ್ಬೋಪ್ಲಾಟಿನ್ ಡೋಸನ್ನು ತೂಕದ ಮೇಲೆ ನೇರವಾಗಿ ಹಾಕುವುದಿಲ್ಲ, ಕಿಡ್ನಿ ಎಷ್ಟು ಶೋಧಿಸುತ್ತದೆ ಅನ್ನುವುದರ ಮೇಲೆ ಹಾಕುತ್ತಾರೆ. ಶೋಧನೆಯ ಅಂಕಿಗೆ 25 ಕೂಡಿಸಿ, ಗುರಿಯ ಅಂಕಿಯಿಂದ (ಈ ಚಿಕಿತ್ಸೆಯಲ್ಲಿ ಸಾಮಾನ್ಯವಾಗಿ 6) ಗುಣಿಸುವುದು. ನಿಮ್ಮ ಅಮ್ಮನ ವಯಸ್ಸು, ತೂಕ, ಕ್ರಿಯಾಟಿನಿನ್ 0.9ಕ್ಕೆ ಶೋಧನೆ ಸುಮಾರು 66 ಬರುತ್ತದೆ, ಡೋಸ್ ಸುಮಾರು 546 ಮಿ.ಗ್ರಾಂ. ಕ್ರಿಯಾಟಿನಿನ್ 1.2 ಆದರೆ ಶೋಧನೆ 50ರ ಹತ್ತಿರ, ಡೋಸ್ 450. ಅಂದರೆ ಹಳೆಯ ರಿಪೋರ್ಟ್ ಹಿಡಿದು ಔಷಧಿ ಬೆರೆಸಿದರೆ ಸುಮಾರು ನೂರು ಮಿ.ಗ್ರಾಂ. ಹೆಚ್ಚು ಹೋಗುತ್ತದೆ. ಹಾಗಾಗಿ ಪ್ರತಿ ಸಲವೂ ಹೊಸ ಕ್ರಿಯಾಟಿನಿನ್.

ಕ್ರಿಯಾಟಿನಿನ್ ಏರಿಸುವ ಅತಿ ಸುಲಭದ ದಾರಿ ಮೆಡಿಕಲ್ ಶಾಪ್‌ನ ನೋವಿನ ಮಾತ್ರೆ. ಡೋಸಿಟ್ಯಾಕ್ಸೆಲ್ ಆದ ಮೂರನೇ ದಿನ ಮೈಕೈ ನೋವು, ಬಿಳಿ ಕಣ ಏರಿಸುವ ಇಂಜೆಕ್ಷನ್ನಿಂದ ಮೂಳೆ ನೋವು. ಯಾರೋ ಡೈಕ್ಲೋಫೆನಾಕ್ ತಂದುಕೊಡುತ್ತಾರೆ. ಟೆಲ್ಮಿಸಾರ್ಟನ್, ನೀರಿನ ಮಾತ್ರೆ, ಡೈಕ್ಲೋಫೆನಾಕ್ ಮೂರೂ ಕೂಡಿದರೆ ಕಿಡ್ನಿಗೆ ಮೂರು ಕಡೆಯಿಂದ ಪೆಟ್ಟು. ಐಬುಪ್ರೊಫೆನ್, ಅಸಿಕ್ಲೋಫೆನಾಕ್ ಕೂಡ ಅದೇ ಜಾತಿ. ಪ್ಯಾರಾಸಿಟಮಾಲ್ ಸಾಕು, ಅದೂ ಜ್ವರ ಅಳೆದ ಮೇಲೆ.

ಡೆಕ್ಸಾಮೆಥಾಸೋನ್ ಎರಡು ಚೀಟಿಯಲ್ಲಿ ಬಂದಿದೆಯೇ ನೋಡಿ. ಅಲರ್ಜಿ ತಡೆಗೆ ಒಂದು, ವಾಂತಿ ತಡೆಗೆ ಇನ್ನೊಂದು, ಎರಡು ಕಂಪನಿಯ ಎರಡು ಹೆಸರು. ಮಾತ್ರೆ ಒಂದೇ. ಎರಡೂ ಬೇಕೆಂದೇ ಬರೆದದ್ದೋ ಅಂತ ಕೇಳಿ. ವಾಂತಿಗೆ ರಾತ್ರಿ ಓಲಾಂಜಪೀನ್ ಕೊಟ್ಟಿದ್ದರೆ ಅದೂ ಸಕ್ಕರೆ ಏರಿಸಬಹುದು, ನಿದ್ದೆಗಣ್ಣಲ್ಲಿ ಬಚ್ಚಲಿಗೆ ಎದ್ದು ಬೀಳುವ ಅಪಾಯವೂ ಇದೆ.

ಥೈರಾಕ್ಸಿನ್ ಖಾಲಿ ಹೊಟ್ಟೆಗೆ, ಕ್ಯಾಲ್ಸಿಯಂ ಮತ್ತು ಕಬ್ಬಿಣದ ಮಾತ್ರೆಗೆ ಕನಿಷ್ಠ 4 ಗಂಟೆ ಅಂತರ. ನಿಮ್ಮಲ್ಲಿ ಕ್ಯಾಲ್ಸಿಯಂ ರಾತ್ರಿಗಿದೆ, ಸರಿಯಾಗಿದೆ, ಬದಲಾಯಿಸಬೇಡಿ.

ಅಮೃತಬಳ್ಳಿ ಇವತ್ತೇ ನಿಲ್ಲಿಸಿ. ಇದರಿಂದ ಲಿವರ್ ಊದಿಕೊಂಡ ಪ್ರಕರಣಗಳನ್ನು ನಮ್ಮ ದೇಶದ ವೈದ್ಯರೇ ವರದಿ ಮಾಡಿದ್ದಾರೆ. ಡೋಸಿಟ್ಯಾಕ್ಸೆಲ್ ಕರಗುವುದು ಲಿವರ್‌ನಲ್ಲಿ. ಲಿವರ್ ಅಂಕಿಗಳು ಏರಿದರೆ ಕಿಮೋ ನಿಲ್ಲುತ್ತದೆ, ಏರಿದ್ದು ಯಾವುದರಿಂದ ಅಂತ ಆಮೇಲೆ ಯಾರಿಗೂ ಹೇಳಲಾಗುವುದಿಲ್ಲ. ಅದೇ ಕಾರಣಕ್ಕೆ ಚಕ್ಕೋತವೂ ಈಗ ಬೇಡ. ಔಷಧಿಗಳ ಜೊತೆ ತಿನ್ನಬಾರದು ಅಂತ ಬರೆದಿರುವ ಗ್ರೇಪ್‌ಫ್ರೂಟ್ ನಮ್ಮ ದೇವನಹಳ್ಳಿ ಚಕ್ಕೋತದ ಹತ್ತಿರದ ಸಂಬಂಧಿ, ಔಷಧಿ ಕರಗಿಸುವ ಲಿವರ್‌ನ ಅದೇ ಕಿಣ್ವವನ್ನು ತಡೆಯುತ್ತದೆ. ಊರಿನಲ್ಲಿ ಕೆಮ್ಮಿಗೆ ಕ್ಲಾರಿಥ್ರೋಮೈಸಿನ್, ಫಂಗಸ್‌ಗೆ ಕೀಟೋಕೊನಜೋಲ್ ಅಥವಾ ಇಟ್ರಾಕೊನಜೋಲ್ ಮಾತ್ರೆ ಬರೆದರೂ ಇದೇ ತೊಂದರೆ, ಇನ್ನೂ ಜೋರಾಗಿ. ಡೋಸಿಟ್ಯಾಕ್ಸೆಲ್ ನಡೆಯುತ್ತಿದೆ ಅಂತ ಹೇಳದೆ ಯಾವ ಚೀಟಿಯನ್ನೂ ತರಬೇಡಿ.

ಪ್ಯಾರಾಕ್ಸೆಟೀನ್ ಇವತ್ತಿನ ತೊಂದರೆಯಲ್ಲ, ಮುಂದಿನ ವರ್ಷದ್ದು. ಮುಟ್ಟು ನಿಂತವರಿಗೆ ಸಾಮಾನ್ಯವಾಗಿ ಲೆಟ್ರೋಜೋಲ್‌ನಂಥ ಹಾರ್ಮೋನ್ ಮಾತ್ರೆ ಕೊಡುತ್ತಾರೆ, ಅದಕ್ಕೂ ಪ್ಯಾರಾಕ್ಸೆಟೀನ್‌ಗೂ ಜಗಳವಿಲ್ಲ. ಆದರೆ ಮೂಳೆ ಸವೆತ, ಕೀಲು ನೋವು ಅಂತ ಟ್ಯಾಮಾಕ್ಸಿಫೆನ್‌ಗೆ ಬದಲಾಯಿಸುವುದುಂಟು. ಟ್ಯಾಮಾಕ್ಸಿಫೆನ್ ಕೆಲಸ ಮಾಡಬೇಕಾದರೆ ಲಿವರ್ ಅದನ್ನು ಮಾರ್ಪಡಿಸಬೇಕು. ಆ ಕಿಣ್ವವನ್ನೇ ಪ್ಯಾರಾಕ್ಸೆಟೀನ್ ಕಟ್ಟಿಹಾಕುತ್ತದೆ. ಫ್ಲೂವಾಕ್ಸೆಟೀನ್, ಬ್ಯುಪ್ರೊಪಿಯಾನ್ ಕೂಡ ಹಾಗೆಯೇ. ವೆನ್ಲಾಫ್ಯಾಕ್ಸಿನ್, ಎಸ್ಸಿಟಾಲೋಪ್ರಾಮ್ ಅಷ್ಟು ಕಾಟ ಕೊಡುವುದಿಲ್ಲ. ಹಾಗಂತ ಗಾಬರಿಯಾಗಿ ನಾಳೆಯೇ ನಿಲ್ಲಿಸಿಬಿಡಬೇಡಿ. ಥಟ್ಟನೆ ಬಿಟ್ಟರೆ ತಲೆಸುತ್ತು, ಕಿರಿಕಿರಿ, ನಿದ್ದೆಗೇಡು. ವಾರಗಟ್ಟಲೆ ಹಂತಹಂತವಾಗಿ ಇಳಿಸಬೇಕು. ಮಾನಸಿಕ ವೈದ್ಯರಿಗೆ ಈಗಲೇ ತಿಳಿಸಿದರೆ ಅವರಿಗೆ ಸಮಯ ಸಿಗುತ್ತದೆ.

ಡೇ ಕೇರ್ ಸಿಸ್ಟರ್:

ಮೇಲಿನವರು ಮಾತ್ರೆಯ ಬಗ್ಗೆ ಹೇಳಿದ್ದಾರೆ. "ಯಾರು ಹೇಳಬೇಕು" ಅನ್ನುವುದಕ್ಕೆ ಉತ್ತರ ಬಾಕಿ ಇದೆ.

ಒಂದು 200 ಪುಟದ ನೋಟ್‌ಬುಕ್ ತಗೊಳ್ಳಿ ಅಕ್ಕ. ಮೊದಲ ಪುಟದಲ್ಲಿ ನಾಲ್ಕು ಕಂಬ: ಮಾತ್ರೆಯ ಮೂಲ ಹೆಸರು ಮತ್ತು ಮಿ.ಗ್ರಾಂ., ಯಾವುದಕ್ಕೆ, ಬರೆದವರು ಯಾರು, ನಿಲ್ಲಿಸುವ ಅಧಿಕಾರ ಯಾರದ್ದು. ನಾಲ್ಕನೇ ಕಂಬ ಖಾಲಿ ಇರುವ ಮಾತ್ರೆಯೇ ಮುಂದೆ ತೊಂದರೆ ಕೊಡುವುದು. ಗುರುವಾರಕ್ಕೆ ಮೊದಲು ಊರಿನ ಡಾಕ್ಟರ ಹತ್ತಿರ ಕೂತು ಸಕ್ಕರೆ, ಬಿಪಿ, ಥೈರಾಯ್ಡ್ ಸಾಲುಗಳನ್ನು ತುಂಬಿಸಿ, ಸಹಿ ಹಾಕಿಸಿ, ಫೋಟೋ ತೆಗೆದುಕೊಳ್ಳಿ. ಕಿಮೋ ಡಾಕ್ಟರಿಗೆ ಕೇಳುವಾಗ "ಸಕ್ಕರೆ ಏನು ಮಾಡೋಣ" ಅನ್ನಬೇಡಿ. "ಡೆಕ್ಸಾ ಒಟ್ಟು ಎಷ್ಟು ಮಿ.ಗ್ರಾಂ., ಯಾವ ಯಾವ ದಿನ" ಅಂತ ಮಾತ್ರ ಕೇಳಿ. ಆ ಉತ್ತರ ಊರಿನ ಡಾಕ್ಟರಿಗೆ ಹೋದರೆ ಅವರೇ ಇನ್ಸುಲಿನ್ ಬರೆಯುತ್ತಾರೆ. ಅವರಿಗೆ ಗೊತ್ತಿಲ್ಲದಿರುವುದು ಅದೊಂದೇ. ಹೃದಯ ಇನ್ನೊಂದು ಕಡೆ ತೋರಿಸುವವರಿಗೂ ಇದೇ. ಬೆಂಗಳೂರಿನಲ್ಲೇ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಬೇರೆ, ಜಯದೇವ ಹೃದಯದ ಆಸ್ಪತ್ರೆ ಬೇರೆ. ಫೈಲು ನಿಮ್ಮ ಚೀಲದಲ್ಲೇ ಇರಬೇಕು.

ಜ್ವರದ ವಿಷಯ ಸಕ್ಕರೆಗಿಂತ ದೊಡ್ಡದು. ಡೋಸಿಟ್ಯಾಕ್ಸೆಲ್ ಆದ ಮೇಲೆ ಬಿಳಿ ಕಣ ತೀರ ಇಳಿಯುವುದು ಸುಮಾರು 7ರಿಂದ 10ನೇ ದಿನ. 100.4 ಫ್ಯಾರನ್‌ಹೀಟ್ ಒಂದು ಗಂಟೆ ನಿಂತರೆ, ಅಥವಾ ಒಮ್ಮೆ 101 ಮುಟ್ಟಿದರೆ, ರಾತ್ರಿ ಎರಡಾದರೂ ಹೊರಡಿ. ಬೆಂಗಳೂರಿಗಲ್ಲ, ಹಾಸನದಲ್ಲೇ ಐಸಿಯು ಇರುವ ಹತ್ತಿರದ ಆಸ್ಪತ್ರೆಗೆ. ಯಾವುದು ಅಂತ ಇವತ್ತೇ ನಿರ್ಧರಿಸಿ. "ಕಿಮೋ ಪಡೆಯುತ್ತಿರುವವರು, ಜ್ವರ ಇದ್ದರೆ ಸಿಬಿಸಿ (ರಕ್ತಕಣಗಳ ಎಣಿಕೆ) ಮತ್ತು ಬ್ಲಡ್ ಕಲ್ಚರ್ ತೆಗೆದು ಒಂದು ಗಂಟೆಯೊಳಗೆ ನರಕ್ಕೆ ಆ್ಯಂಟಿಬಯೋಟಿಕ್" ಅನ್ನುವ ಒಂದು ಪುಟದ ಪತ್ರವನ್ನು ಕಿಮೋ ಡಾಕ್ಟರಿಂದ ತನ್ನಿ. ಅಳೆಯದೆ ಡೋಲೋ ಕೊಟ್ಟು ಮಲಗಿಸುವುದೇ ನಮ್ಮಲ್ಲಿ ಆಗುವ ಅತಿ ದೊಡ್ಡ ತಪ್ಪು. ಇನ್ನೊಂದು ಮಾತು, ಡೆಕ್ಸಾ ನಡೆಯುವ ದಿನಗಳಲ್ಲಿ ಸೋಂಕಿದ್ದರೂ ಜ್ವರ ಬರದಿರಬಹುದು. ನಡುಕ ಬಂದರೂ ಅದನ್ನು ಜ್ವರವೆಂದೇ ಲೆಕ್ಕ ಹಾಕಿ. ಸಕ್ಕರೆ ಕಾಯಿಲೆಯವರಲ್ಲಿ ಸೋಂಕು ಬೇಗ ಬಿಗಡಾಯಿಸುತ್ತದೆ.

ಪೆಗ್‌ಫಿಲ್‌ಗ್ರಾಸ್ಟಿಮ್ ಅನ್ನುವ ಬಿಳಿ ಕಣ ಏರಿಸುವ ಇಂಜೆಕ್ಷನ್ 6 ಮಿ.ಗ್ರಾಂ. ಬರೆದಿದ್ದರೆ ಅದು ಕಿಮೋ ಮುಗಿದು 24 ಗಂಟೆ ಕಳೆದ ಮೇಲೆ. ಹೇಗೂ ಊರಿಗೆ ಹೋಗಬೇಕಲ್ಲ ಅಂತ ಅದೇ ಸಂಜೆ ಚುಚ್ಚಿಸಬೇಡಿ. ಐಸ್ ಡಬ್ಬಿಯಲ್ಲಿ ಒಯ್ದು ಮಾರನೆಯ ದಿನ ಹಾಸನದಲ್ಲಿ ಹಾಕಿಸಿ. ಐಸ್‌ಗೆ ನೇರ ತಾಗಿಸಬೇಡಿ, ಹೆಪ್ಪುಗಟ್ಟಿದರೆ ಕೆಟ್ಟಿತು.

ಪ್ರತಿ ಡೋಸ್‌ಗೆ ಒಂದೆರಡು ದಿನ ಮುಂಚೆ ಸಿಬಿಸಿ, ಕ್ರಿಯಾಟಿನಿನ್, ಪೊಟ್ಯಾಸಿಯಂ, ಲಿವರ್ ಟೆಸ್ಟ್ ಊರಲ್ಲೇ ಮಾಡಿಸಿ ವಾಟ್ಸಾಪ್ ಕಳಿಸಿ. ನ್ಯೂಟ್ರೋಫಿಲ್ (ಒಂದು ಬಗೆಯ ಬಿಳಿ ಕಣ) 1500 ಮತ್ತು ಪ್ಲೇಟ್‌ಲೆಟ್ 1 ಲಕ್ಷ ಇಲ್ಲದಿದ್ದರೆ ಸಾಮಾನ್ಯವಾಗಿ ಮುಂದೂಡುತ್ತಾರೆ. ನಾಲ್ಕು ಗಂಟೆ ಬಸ್ಸಿನಲ್ಲಿ ಹೋಗಿ ವಾಪಸ್ ಬರುವುದು ತಪ್ಪುತ್ತದೆ.

ಎಕೋ ರೂಮ್:

ಇಎಫ್ 58 ಚೆನ್ನಾಗಿದೆ. ಟ್ರಾಸ್ಟುಜುಮಾಬ್ ನಡೆಯುವ ವರ್ಷ ಪೂರ್ತಿ 3 ತಿಂಗಳಿಗೊಮ್ಮೆ ಎಕೋ, ಸಾಧ್ಯವಾದರೆ ಒಂದೇ ಜಾಗದಲ್ಲಿ, ಒಂದೇ ಯಂತ್ರದಲ್ಲಿ. ಜಾಗ ಬದಲಾದರೆ ಐದಾರು ಅಂಕ ಅಳತೆಯಲ್ಲೇ ಏರುಪೇರಾಗುತ್ತದೆ, ಸುಮ್ಮನೆ ಗಾಬರಿ. ರಿಪೋರ್ಟಿನಲ್ಲಿ "ನಾರ್ಮಲ್" ಅಂತ ಬರೆದರೆ ಸಾಲದು, ಅಂಕಿ ಬೇಕು. ಶುರುವಿನ ಅಂಕಿಯಿಂದ 16 ಇಳಿದರೆ, ಅಥವಾ 10 ಇಳಿದು ಮಾಮೂಲಿ ಮಿತಿಗಿಂತ ಕೆಳಗೆ ಬಂದರೆ, ಔಷಧಿಯನ್ನು ತಡೆದು ನಾಲ್ಕು ವಾರಕ್ಕೆ ಮತ್ತೆ ಎಕೋ. ತಡೆದರು ಅಂದರೆ ಮುಗಿಯಿತು ಅಂತಲ್ಲ. ಅನೇಕರಲ್ಲಿ ಚೇತರಿಸಿಕೊಂಡು ಮತ್ತೆ ಶುರುವಾಗುತ್ತದೆ.

ಕಾಲು ಊತ ಬಂದರೆ ಗೊಂದಲ ಜಾಸ್ತಿ. ಡೋಸಿಟ್ಯಾಕ್ಸೆಲ್ ಕೂಡ ನೀರು ತುಂಬಿಸುತ್ತದೆ, ಹೃದಯ ಸೋತರೂ ಊತ. ಎರಡು ಕಾಲೂ ಊದಿ, ಮೂರು ನಾಲ್ಕು ದಿನದಲ್ಲಿ 2 ಕೆ.ಜಿ. ತೂಕ ಏರಿ, ಮಲಗಿದರೆ ಉಸಿರು ಕಟ್ಟಿದರೆ ಅವತ್ತೇ ಎಕೋ. ಒಂದೇ ಕಾಲು ಊದಿ ನೋವಿದ್ದರೆ ರಕ್ತ ಹೆಪ್ಪುಗಟ್ಟಿದೆಯೇ ಅಂತ ಡಾಪ್ಲರ್ ಸ್ಕ್ಯಾನ್. ದಿನಾ ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದ ಮೇಲೆ ತೂಕ ಬರೆದಿಡಿ, ಸಿಸ್ಟರ್ ಹೇಳಿದ ಅದೇ ಪುಸ್ತಕದಲ್ಲಿ.

ಆಸ್ಪಿರಿನ್ ಯಾಕೆ ಅಂತ ಕೇಳಿ. ಸ್ಟೆಂಟ್ ಇಲ್ಲ, ಅಟ್ಯಾಕ್ ಆಗಿಲ್ಲ, ಬರೀ ಸಕ್ಕರೆ ಇದೆ ಅಂತ ಯಾವಾಗಲೋ ಶುರು ಮಾಡಿದ್ದಾದರೆ ಕಾರ್ಬೋಪ್ಲಾಟಿನ್ ಪ್ಲೇಟ್‌ಲೆಟ್ ಇಳಿಸುವ ಕಾಲದಲ್ಲಿ ಅದರಿಂದ ಲಾಭಕ್ಕಿಂತ ರಕ್ತಸ್ರಾವದ ಭಯವೇ ಹೆಚ್ಚು. ಸ್ಟೆಂಟ್ ಇರುವವರು ಮಾತ್ರ ಇದನ್ನು ಓದಿ ತಾವಾಗಿ ನಿಲ್ಲಿಸಬಾರದು.

ಹಾಸನದ ಮಗಳು:

ಇಷ್ಟು ವಿವರ ಎಲ್ಲೂ ಸಿಕ್ಕಿರಲಿಲ್ಲ. ಎರಡು ಸಣ್ಣ ಪ್ರಶ್ನೆ. ಹೆಪಟೈಟಿಸ್ ಬಿ ಟೆಸ್ಟ್ ನೆಗೆಟಿವ್ ಅಂತ ಬಂದಿದೆ, ಎಚ್‌ಬಿಎಸ್‌ಎಜಿ ಒಂದೇ ಮಾಡಿದ್ದಾರೆ, ಸಾಕೇ? ಮತ್ತೆ, ಸುಸ್ತಿಗೆ ಎಳನೀರು ದಿನಾ ಕೊಡಬಹುದೇ? ಬಂದವರೆಲ್ಲ ಎಳನೀರು ತರುತ್ತಿದ್ದಾರೆ.

ಸಿಹಿ ಕಹಿ:

ಒಂದೇ ಸಾಲದು. ಆ್ಯಂಟಿ ಎಚ್‌ಬಿಸಿ ಟೋಟಲ್ ಅನ್ನುವುದನ್ನೂ ಮಾಡಿಸಿ. ಹಿಂದೆಂದೋ ಬಂದು ಹೋದ ಸೋಂಕು ಎಚ್‌ಬಿಎಸ್‌ಎಜಿಯಲ್ಲಿ ಕಾಣುವುದಿಲ್ಲ, ಕಿಮೋ ಮತ್ತು ಸ್ಟೀರಾಯ್ಡ್ ಅದನ್ನು ಎಬ್ಬಿಸಬಹುದು. ಅದು ಪಾಸಿಟಿವ್ ಬಂದರೆ ಇಂಥ ಕಿಮೋದಲ್ಲಿ ಸಾಮಾನ್ಯವಾಗಿ 3 ತಿಂಗಳಿಗೊಮ್ಮೆ ಲಿವರ್ ಅಂಕಿ ಮತ್ತು ಎಚ್‌ಬಿಎಸ್‌ಎಜಿ ನೋಡುತ್ತಾ ಹೋಗುತ್ತಾರೆ. ಎಚ್‌ಬಿಎಸ್‌ಎಜಿಯೇ ಪಾಸಿಟಿವ್ ಇರುವವರಿಗೆ ಎಂಟೆಕವಿರ್ ಅಥವಾ ಟೆನೋಫೊವಿರ್ ಶುರು ಮಾಡಿ, ಚಿಕಿತ್ಸೆ ಮುಗಿದ ಮೇಲೂ ಕನಿಷ್ಠ ಒಂದು ವರ್ಷ ಮುಂದುವರಿಸಬೇಕು. ಈ ಟೆಸ್ಟಿಗಾಗಿ ಗುರುವಾರದ ಕಿಮೋ ನಿಲ್ಲಿಸುವ ಅಗತ್ಯವಿಲ್ಲ, ರಕ್ತ ಕೊಟ್ಟು ಹೋಗಿ.

ಎಳನೀರಿನಲ್ಲಿ ಸಕ್ಕರೆಯೂ ಇದೆ, ಪೊಟ್ಯಾಸಿಯಂ ಧಾರಾಳವಾಗಿ ಇದೆ. ಟೆಲ್ಮಿಸಾರ್ಟನ್ ಪೊಟ್ಯಾಸಿಯಂ ಅನ್ನು ಮೈಯಲ್ಲಿ ಉಳಿಸುತ್ತದೆ. ನೀರಿನ ಮಾತ್ರೆ ನಿಲ್ಲಿಸಿದ ಮೇಲೆ ಇನ್ನೂ ಹೆಚ್ಚು. ಕ್ರಿಯಾಟಿನಿನ್ 0.9 ಇರುವಾಗ ಯಾವಾಗಲಾದರೂ ಒಂದು ಪರವಾಗಿಲ್ಲ. ಡೆಕ್ಸಾ ದಿನಗಳಲ್ಲಿ ಬೇಡ, ಕ್ರಿಯಾಟಿನಿನ್ ಏರಿದರೆ ಬೇಡ. ತಂದವರೇ ಕುಡಿದು ಹೋಗಲಿ.

ರವಿ_ತಿಪಟೂರು:

ಎಡಗೈಗೆ ಸೂಜಿ, ಬಿಪಿ ಪಟ್ಟಿ ಯಾವತ್ತೂ ತಾಗಿಸಬಾರದು ಅನ್ನುವುದನ್ನು ಯಾರೂ ಹೇಳಲಿಲ್ಲವಲ್ಲ? ಬೆರಳು ಚುಚ್ಚಿ ಸಕ್ಕರೆ ನೋಡುವುದೂ ಬಲಗೈಯಲ್ಲೇ ಇರಬೇಕು.

ಡೇ ಕೇರ್ ಸಿಸ್ಟರ್:

ರವಿ ಅಣ್ಣ, ಆಪರೇಷನ್ ಇನ್ನೂ ಆಗಿಲ್ಲ. ಆದರೂ ಮೊದಲಿನಿಂದಲೇ ಬಲಗೈ ಅಭ್ಯಾಸ ಮಾಡಿಸುವುದು ಒಳ್ಳೆಯದೇ. "ಯಾವತ್ತೂ" ಅನ್ನುವುದು ಮಾತ್ರ ಹಳೆಯ ಕಟ್ಟುಪಾಡು. ಕೈ ಊತಕ್ಕೆ ಮುಖ್ಯ ಕಾರಣ ಕಂಕುಳಿನ ಗ್ರಂಥಿಗಳನ್ನು ಪೂರ್ತಿ ತೆಗೆಯುವುದು, ಅಲ್ಲಿಗೆ ರೇಡಿಯೇಷನ್, ಕೈಗೆ ಸೋಂಕು ಮತ್ತು ಹೆಚ್ಚಿದ ತೂಕ. ಒಮ್ಮೆ ಬಿಪಿ ನೋಡಿದ್ದರಿಂದ ಊತ ಬರುತ್ತದೆ ಅನ್ನುವುದಕ್ಕೆ ಇತ್ತೀಚಿನ ಅಧ್ಯಯನಗಳಲ್ಲಿ ಆಧಾರ ಸಿಕ್ಕಿಲ್ಲ. ಬಲಗೈ ಇರುವಾಗ ಅದನ್ನೇ ಬಳಸಿ. ತುರ್ತಿನಲ್ಲಿ ನರ ಸಿಗದೆ ಎಡಗೈಗೆ ಹಾಕಿದರೆ ಜಗಳ ಬೇಡ. 6 ಡೋಸ್ ಕಿಮೋಗೆ ಒಂದೇ ಕೈಯ ನರ ಸಾಲದು, ಮೇಲೆ ವರ್ಷವಿಡೀ ಟ್ರಾಸ್ಟುಜುಮಾಬ್ ಬೇರೆ. ಅದಕ್ಕೇ ಬಲಗಡೆ ಕೀಮೋಪೋರ್ಟ್ (ಔಷಧಿ ಹಾಕಲು ಚರ್ಮದಡಿ ಕೂರಿಸುವ ಸಣ್ಣ ಸಾಧನ) ಹಾಕಿಸುವ ಬಗ್ಗೆ ಕೇಳಿ. ಹಾಕಿಸುವ ವಾರ ಆಸ್ಪಿರಿನ್ ನಡೆಯುತ್ತಿದೆ ಅನ್ನುವುದನ್ನು ಹೇಳಲು ಮರೆಯಬೇಡಿ.

ಹಾಸನದ ಮಗಳು:

ಇವತ್ತು ಊರಿನ ಡಾಕ್ಟರನ್ನು ನೋಡಿ ಬಂದೆ. ಡಾಪಾ ಬಂದ್. ಬಿಪಿ ಮಾತ್ರೆ ಎರಡಾಗಿ ಬರೆದುಕೊಟ್ಟರು, ಮೇಲಿನದು 100ಕ್ಕಿಂತ ಇಳಿದರೆ ಎರಡೂ ಬೇಡ, ಫೋನ್ ಮಾಡಿ ಅಂದಿದ್ದಾರೆ. ಎನ್‌ಪಿಎಚ್ ಬುಧ, ಗುರು, ಶುಕ್ರ ಮೂರು ದಿನ, ಶನಿವಾರ ಅರ್ಧ, ಭಾನುವಾರ ಬಂದ್. ಆಸ್ಪಿರಿನ್ ಸಾಲಿನ ನಾಲ್ಕನೇ ಕಂಬ ಮಾತ್ರ ಇನ್ನೂ ಖಾಲಿ. ಬರೆದವರು ಯಾರು ಅಂತಲೇ ಮನೆಯಲ್ಲಿ ಯಾರಿಗೂ ನೆನಪಿಲ್ಲ.

ಎಕೋ ರೂಮ್:

ಹಾಗಾದರೆ ಗುರುವಾರ ಕಿಮೋ ಡಾಕ್ಟರ ಮುಂದೆ ಆ ಸಾಲನ್ನೇ ಮೊದಲು ಇಡಿ. ಪೋರ್ಟ್ ಹಾಕುವ ದಿನಾಂಕ ಗೊತ್ತಾಗುವ ಮುಂಚೆ.